ಗಾಯ್ತೊಂಡೆ ಬಣ್ಣ ಹಚ್ಚುತ್ತಿದ್ದ ಬಗೆ

ಕೇಳುಗರಿಗೆ ನಮಸ್ಕಾರ. ಜನವರಿ ಬಂತೆಂದರೆ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ. ಗುರುತಿಸಬಹುದಾದ ಆಕಾರಗಳಿಲ್ಲದ ಅಮೂರ್ತ ಚಿತ್ರದ ಮುಂದೆ ನಿಂತವರು ಕಲಾವಿದರನ್ನು ಕೇಳುತ್ತಾರೆ: ‘ಇದ್ರಲ್ಲಿ ಏನಿದೆ ಸಾರ್?’ ಕೇಳುವುದು ತಪ್ಪಲ್ಲ ಬಿಡಿ. ಆದರೆ ಅಂಥ ಚಿತ್ರಗಳನ್ನೇ ಬರೆದ ಕಲಾವಿದ ವಾಸುದೇವ ಗಾಯ್ತೊಂಡೆ ಅವರನ್ನು ಕೇಳಿದ್ದರೆ ಉತ್ತರ ಸಿಗುತ್ತಿತ್ತೋ ಇಲ್ಲವೋ! ಮಾತು ಕಡಿಮೆ; ಬಹುಪಾಲು ಚಿತ್ರಗಳಿಗೆ ಹೆಸರನ್ನೂ ಇಡಲಿಲ್ಲ.

ಹುಟ್ಟಿದ್ದು 1924ರಲ್ಲಿ ನಾಗಪುರದಲ್ಲಿ, ಗೋವಾ ಮೂಲದ ಮನೆತನ. ಓದಿದ್ದು ಮುಂಬೈಯ ಜೆ.ಜೆ. ಕಲಾಶಾಲೆ. ಮೊದಮೊದಲು ಅವರೂ ಮನುಷ್ಯರನ್ನೇ ಬರೆದವರು, ನಮ್ಮ ಮಿನಿಯೇಚರ್ ಪರಂಪರೆಯ ಗಾಢ ಬಣ್ಣಗಳಲ್ಲಿ. ಆಮೇಲೆ ಯುರೋಪಿನ ಚಿತ್ರಕಾರ ಪಾಲ್ ಕ್ಲೀ ಹಿಡಿಸಿದರು. ಐವತ್ತರ ದಶಕ ಮುಗಿಯುವಷ್ಟರಲ್ಲಿ ಆಕಾರಗಳೇ ಮಾಯವಾದವು.

ಇತ್ತ ಬೌದ್ಧರ ಧ್ಯಾನಪಂಥ ಝೆನ್, ರಮಣ ಮಹರ್ಷಿ, ಜಿಡ್ಡು ಕೃಷ್ಣಮೂರ್ತಿ ಇವರೆಲ್ಲರ ಓದು. ಕೃಷ್ಣಮೂರ್ತಿ ಹುಟ್ಟೂರು ಮದನಪಲ್ಲೆ ನಮ್ಮ ಚಿಂತಾಮಣಿಯ ಆಚೆಗೇ ಇದೆ, ನೋಡಿ. 1964ರಲ್ಲಿ ಗಾಯ್ತೊಂಡೆ ರಾಕ್‌ಫೆಲರ್ ಫೆಲೋಷಿಪ್ ಮೇಲೆ ನ್ಯೂಯಾರ್ಕಿಗೆ ಹೋದರಲ್ಲ, ಹಾಗಾಗಿ ಎಲ್ಲವನ್ನೂ ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರಾತ್ಕೋ ಲೆಕ್ಕಕ್ಕೆ ಬರೆದುಬಿಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ವಿಮಾನ ಹತ್ತುವ ಮೊದಲೇ ಅವರಿಗೆ ತಮ್ಮ ದಾರಿ ಸಿಕ್ಕಿತ್ತು.

ಅವರು ಕೆಲಸ ಮಾಡುತ್ತಿದ್ದ ಬಗೆ ಕೇಳಿ. ಕುಂಚಕ್ಕಿಂತ ರೋಲರ್, ಬಣ್ಣ ಹಚ್ಚುವ, ಕೆರೆಯುವ ಚಪ್ಪಟೆ ಚಾಕುಗಳಾದ ಪ್ಯಾಲೆಟ್ ನೈಫುಗಳೇ ಹೆಚ್ಚು. ಬಣ್ಣ ಹಚ್ಚುವುದು, ಕೆರೆದು ತೆಗೆಯುವುದು, ಅದರ ಮೇಲೆ ಮತ್ತೆ ತೆಳುವಾಗಿ ಹಚ್ಚುವುದು. ಹರಿದ ಕಾಗದದ ಚೂರುಗಳನ್ನು ಹಸಿ ಬಣ್ಣದ ಮೇಲೆ ಒತ್ತಿ ಎತ್ತುತ್ತಿದ್ದರು. ಉಳಿದ ಗುರುತುಗಳು ಓದಲು ಬಾರದ ಲಿಪಿಯ ಹಾಗೆ ಕಾಣುತ್ತವೆ. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು? ಅದನ್ನು ಯೋಚಿಸುತ್ತ ಸುಮ್ಮನೆ ಕೂರುವ ಹೊತ್ತೇ ಜಾಸ್ತಿ. ವರ್ಷಕ್ಕೆ ಐದಾರು ಚಿತ್ರ, ಅಷ್ಟೇ. ಮಾರಾಟದ ಆತುರವಿದ್ದವರಿಂದ ಆಗುವ ಕೆಲಸವಲ್ಲ ಇದು.

1971ರಲ್ಲಿ ಪದ್ಮಶ್ರೀ ಬಂತು, ಮರುವರ್ಷ ದೆಹಲಿಗೆ ಹೋಗಿ ನೆಲೆಸಿದರು. 1984ರ ಅಪಘಾತದಲ್ಲಿ ಪೆಟ್ಟಾಗಿ ದೊಡ್ಡ ಕ್ಯಾನ್ವಾಸ್ ಅಸಾಧ್ಯವಾದಾಗ ಕಾಗದದ ಮೇಲೆ ಶಾಯಿಯಲ್ಲಿ ಚಿಕ್ಕ ಚಿಕ್ಕ ಚಿತ್ರ ಬರೆದರು. ಚೇತರಿಸಿಕೊಂಡ ಮೇಲೆ ಮತ್ತೆ ಬಣ್ಣಕ್ಕೆ ಮರಳಿದರು. ತೀರಿಕೊಂಡದ್ದು 2001ರಲ್ಲಿ. 2013ರ ಮುಂಬೈ ಹರಾಜಿನಲ್ಲಿ ಅವರ ಒಂದು ಚಿತ್ರಕ್ಕೆ 23 ಕೋಟಿ ರೂಪಾಯಿಗೂ ಮೀರಿ ಬೆಲೆ ಬಂದಾಗ ಪತ್ರಿಕೆಗಳಿಗೆ ಅವರು ಸುದ್ದಿಯಾದರು. ಮರುವರ್ಷ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನವೂ ನಡೆಯಿತು.

ಅವರ ಚಿತ್ರ ಎಲ್ಲಾದರೂ ಎದುರಾದರೆ ಮೊಬೈಲಿನಲ್ಲಿ ಫೋಟೊ ಹೊಡೆದು ಮುಂದೆ ಹೋಗಬೇಡಿ. ಹತ್ತಿರ ಹೋಗಿ, ಸ್ವಲ್ಪ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಕೆರೆದ ಜಾಗದಲ್ಲಿ ಕೆಳಗಿನ ಪದರದ ಬಣ್ಣ ಕಾಣಸಿಗುತ್ತದೆ. ಫೋಟೊದಲ್ಲಿ ಅದು ಬರುವುದಿಲ್ಲ. ನಮಸ್ಕಾರ.