ಹೊಳೆಗಲ್ಲಿನ ಭಾರಕ್ಕೆ ನಡೆಯುವ ಗಡಿಯಾರ

ಕೇಳುಗರಿಗೆ ನಮಸ್ಕಾರ.

ಜಪಾನಿನ ಉತ್ತರದ ತುದಿಯಲ್ಲಿರುವ ದ್ವೀಪ ಹೊಕ್ಕೈಡೊ. ಅಲ್ಲಿನ ದೊಡ್ಡ ಊರು ಸಪ್ಪೊರೊ. ನಾನು ಅಲ್ಲಿಗೆ ಹೊರಟಾಗ ಸ್ನೇಹಿತರೊಬ್ಬರು ನಕ್ಕು ಹೇಳಿದ್ದರು: ‘ಗಡಿಯಾರದ ಗೋಪುರ ನೋಡಿ ಬನ್ನಿ, ಆದರೆ ಆಸೆ ಇಟ್ಟುಕೊಂಡು ಹೋಗಬೇಡಿ.’ ನೋಡಿ ಪೆಚ್ಚಾಗುವ ತಾಣಗಳು ಅಂತ ಜಪಾನಿನವರೇ ತಮಾಷೆಗೆ ಮಾಡಿಕೊಂಡ ಪಟ್ಟಿಯಲ್ಲಿ ಇದಕ್ಕೆ ಕಾಯಂ ಜಾಗ.

ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಸುತ್ತ ಎತ್ತರದ ಕಚೇರಿ ಕಟ್ಟಡಗಳು. ಅವುಗಳ ನಡುವೆ, ಜಾತ್ರೆಯಲ್ಲಿ ದೊಡ್ಡವರ ಕಾಲಸಂದಿಯಲ್ಲಿ ನಿಂತ ಮಗುವಿನ ಹಾಗೆ, ಬಿಳಿ ಹಲಗೆ ಗೋಡೆಯ ಎರಡಂತಸ್ತಿನ ಮರದ ಮನೆ. ಕೆಂಪು ಚಾವಣಿ, ಅದರ ಮೇಲೆ ಗಡಿಯಾರ ಹೊತ್ತ ಗಿಡ್ಡ ಗೋಪುರ. ಹಿಂದಿನ ಕಟ್ಟಡಗಳು ಚಿತ್ರದಲ್ಲಿ ಬೀಳಬಾರದೆಂದು ಒಬ್ಬರು ಮೊಣಕಾಲೂರಿ ಕ್ಯಾಮೆರಾ ಮೇಲಕ್ಕೆತ್ತಿ ಒದ್ದಾಡುತ್ತಿದ್ದರು.

ಇದು ಗಡಿಯಾರಕ್ಕಾಗಿ ಕಟ್ಟಿದ್ದಲ್ಲ. ಸಪ್ಪೊರೊ ಕೃಷಿ ಕಾಲೇಜಿನ, ಅಂದರೆ ಇಂದಿನ ಹೊಕ್ಕೈಡೊ ವಿಶ್ವವಿದ್ಯಾಲಯದ, ಹುಡುಗರು ಕವಾಯತು ಮಾಡಲೆಂದು 1878ರಲ್ಲಿ ಎದ್ದ ಸಭಾಂಗಣ. ಇಂಥದ್ದೊಂದು ಬೇಕೆಂದವರು ಕಾಲೇಜು ಶುರುಮಾಡಲು ಅಮೆರಿಕದಿಂದ ಬಂದಿದ್ದ ವಿಲಿಯಂ ಕ್ಲಾರ್ಕ್. ಕಟ್ಟಡ ಏಳುವ ಹೊತ್ತಿಗೆ ಅವರು ವಾಪಸು ಹೋಗಿಯಾಗಿತ್ತು. ಆಗ ಮೇಲಿದ್ದದ್ದು ಬರೀ ಒಂದು ಗಂಟೆ. ಗಡಿಯಾರ ಆಮೇಲೆ ಅಮೆರಿಕದ ಹೊವಾರ್ಡ್ ಕಂಪನಿಯಿಂದ ಹಡಗಿನಲ್ಲಿ ಬಂತು. ಬಿಚ್ಚಿ ನೋಡಿದರೆ ಗೋಪುರಕ್ಕಿಂತ ಗಡಿಯಾರವೇ ದೊಡ್ಡದು! ಗಡಿಯಾರ ಕೂರಲೆಂದು ಗೋಪುರವನ್ನೇ ಹೊಸದಾಗಿ ಕಟ್ಟಿದರು. 1881ರಿಂದ ಅದು ನಡೆಯುತ್ತಿದೆ. 1906ರಲ್ಲಿ ಇಡೀ ಕಟ್ಟಡವನ್ನೇ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ದಾರೆ.

ಹೆಚ್ಚಿನವರು ಹೊರಗೇ ಫೋಟೊ ತೆಗೆದು ಹೊರಟುಬಿಡುತ್ತಾರೆ. ಪೆಚ್ಚಾಗುವವರೂ ಅವರೇ ಇರಬೇಕು. ನಾನು ಮೆಟ್ಟಿಲು ಹತ್ತಿದೆ. ಮೇಲೆ ಉದ್ದನೆಯ ಹಾಲ್, ಸಾಲು ಬೆಂಚುಗಳು. ಒಂದರ ಮೇಲೆ ಕಂಚಿನ ಕ್ಲಾರ್ಕ್ ಆರಾಮವಾಗಿ ಕೂತಿದ್ದಾರೆ, ಪಕ್ಕದಲ್ಲಿ ನಮಗೂ ಜಾಗ ಬಿಟ್ಟು. ಅಲ್ಲೇ ಅದೇ ಕಂಪನಿಯ ಇನ್ನೊಂದು ಯಂತ್ರವನ್ನು ನಡೆಯುವ ಸ್ಥಿತಿಯಲ್ಲಿಟ್ಟಿದ್ದಾರೆ. ಹಿತ್ತಾಳೆ ಚಕ್ರಗಳು, ಕೆಳಗೆ ನಿಧಾನಕ್ಕೆ ತೂಗುವ ಲೋಲಕ.

ಗೋಪುರದ ಗಡಿಯಾರಕ್ಕೆ ಕರೆಂಟಿನ ಹಂಗಿಲ್ಲ. ಮುಳ್ಳು ತಿರುಗಿಸಲು ಐವತ್ತು ಕೆ.ಜಿ., ಗಂಟೆ ಹೊಡೆಯಲು ನೂರೈವತ್ತು ಕೆ.ಜಿ. ಭಾರ ನೇತುಬಿಟ್ಟಿದ್ದಾರೆ. ಭಾರ ಅಂದರೆ ಏನು ಗೊತ್ತೆ? ಮರದ ಪೆಟ್ಟಿಗೆ, ಅದರೊಳಗೆ ಊರ ಪಕ್ಕದ ತೊಯೊಹಿರಾ ಹೊಳೆಯ ಉರುಟು ಕಲ್ಲುಗಳು! ಅವು ಇಳಿಯುತ್ತಿದ್ದಂತೆ ಗಡಿಯಾರ ನಡೆಯುತ್ತದೆ. ಇಳಿದಾದ ಮೇಲೆ ಯಾರಾದರೂ ಸುತ್ತಿ ಮೇಲೆತ್ತಬೇಕು. ವಾರಕ್ಕೆ ಎರಡು ಸಲ, ಕೈಯಲ್ಲೇ. ನಮ್ಮ ತಾತ ಭಾನುವಾರ ಬೆಳಿಗ್ಗೆ ಸ್ಟೂಲ್ ಹತ್ತಿ ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಿದ್ದರು, ಬೇರೆಯವರು ಮುಟ್ಟುವಂತಿರಲಿಲ್ಲ. ಇಲ್ಲೂ ಹಾಗೆಯೇ. 1933ರಿಂದ ಊರಿನ ಒಬ್ಬ ಗಡಿಯಾರ ರಿಪೇರಿಯವರು ಇದನ್ನು ನೋಡಿಕೊಂಡರು. ಅವರ ನಂತರ ಮಗ ಬಂದರು. ಹೆಚ್ಚುಕಡಿಮೆ ಎಪ್ಪತ್ತು ವರ್ಷ ಒಂದೇ ಮನೆಯವರ ಕೈ.

ಕ್ಲಾರ್ಕ್ ಪಕ್ಕದಲ್ಲಿ ಕೂತಿದ್ದಾಗಲೇ ಹನ್ನೊಂದಾಯಿತು. ತಲೆಯ ಮೇಲೆ ಢಣ್ ಎಂದಿತು. ಹಾಲಿನಲ್ಲಿ ಮಾತಾಡುತ್ತಿದ್ದವರು ಸುಮ್ಮನಾಗಿ ಚಾವಣಿಯತ್ತ ನೋಡಿದರು. ಹನ್ನೊಂದನ್ನೂ ಎಣಿಸಿ ಕೆಳಗಿಳಿದು ಬಂದೆ. ರಸ್ತೆಯಲ್ಲಿ ಇನ್ನೊಬ್ಬರು ಮೊಣಕಾಲೂರಿ ಕೂತಿದ್ದರು, ಕ್ಯಾಮೆರಾ ಮೇಲಕ್ಕೆತ್ತಿ.