ಅಗಲದ ಟೈರ್ ಬೇಕಾ? ಮೊದಲು ಎತ್ತರ ಲೆಕ್ಕ ಹಾಕ್ರಿ

ಇದು ದಾವಣಗೆರೆ ಪಿ.ಬಿ. ರಸ್ತೆ, ಟೈರ್ ಅಂಗಡಿ ಮುಂದೆ ನಿಂತಿರೋದು ನನ್ನ ಸ್ವಿಫ್ಟ್. ಕ್ಯಾಮೆರಾ ಸ್ವಲ್ಪ ಹತ್ರ ತಂದಿದೀನಿ, ನೋಡ್ರಿ: ಟೈರಿನ ಮೇಲಿನ ಸಂದಿಯೊಳಗೆ ಅಡ್ಡ ಉಬ್ಬು ಇದೆಯಲ್ಲ, ರಬ್ಬರ್ ಸವೆದು ಅದರ ಮಟ್ಟಕ್ಕೇ ಬಂದಿದೆ. ಅಂದ್ರೆ ಉಳಿದಿರೋದು 1.6 ಮಿ.ಮೀ. ಬದಲಾಯಿಸಲೇಬೇಕು.

ಗಾಡಿ ಜೊತೆ ಬಂದಿದ್ದು 165/80 ಆರ್14. ಹಿಂದಿನಿಂದ ನೋಡಿದ್ರೆ ಸಣಕಲು. ಅಗಲದ್ದು ಹಾಕಿಸಬೇಕು ಅಂತ ಮನಸಲ್ಲಿತ್ತು. ಅಂಗಡಿಯವರೂ ಅದನ್ನೇ ಹೇಳಿದ್ರು: "185/65 ಹಾಕ್ಸ್ರಿ ಸರ್, ಇದೇ ರಿಮ್ಮಿಗೆ ಕೂರ್ತತಿ, ಸ್ಟಾಕೂ ಐತಿ."

ಕೂರೋದು ನಿಜ. ಆದ್ರೆ ಎತ್ತರ?

165 ಅನ್ನೋದು ಅಗಲ, ಮಿ.ಮೀ. ಲೆಕ್ಕ. 80 ಅಂದ್ರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಆ ಅಗಲದ ನೂರಕ್ಕೆ 80 ಭಾಗ, ಅಂದ್ರೆ 132. ಮೇಲೊಂದು ಕೆಳಗೊಂದು ಸೇರಿ 264, ಜೊತೆಗೆ 14 ಇಂಚಿನ ರಿಮ್, ಅಂದ್ರೆ ಸುಮಾರು 356. ಒಟ್ಟು ಸುಮಾರು 620. ಅದೇ ರಿಮ್ಮಿಗೆ 185/65 ಹಾಕಿದ್ರೆ 596. ವ್ಯತ್ಯಾಸ 24, ಅದರ ಅರ್ಧ, ಅಂದ್ರೆ 12 ಮಿ.ಮೀ. ಗಾಡಿ ಕುಸಿಯುತ್ತೆ. ಚನ್ನಗಿರಿ ಕಡೆ ಊರಿಗೊಂದು ಹಂಪ್ ದಾಟ್ಕೊಂಡು, ಮನೆ ಮಂದಿಯನ್ನೆಲ್ಲ ಕೂರಿಸ್ಕೊಂಡು, ಡಿಕ್ಕಿಲಿ ಮೆಕ್ಕೆಜೋಳದ ಚೀಲ ಹೇರ್ಕೊಂಡು ಹೋಗೋ ನಮಗೆ ಅದು ಸಣ್ಣ ಲೆಕ್ಕ ಅಲ್ಲ. ಮೀಟರೂ ತಪ್ಪುತ್ತೆ: ಮೊದಲು 100ರಲ್ಲಿ ಓಡ್ತಿದ್ದ ಗಾಡಿ, ಮೀಟರ್ ಅಷ್ಟೇ ತೋರಿಸಿದ್ರೂ ಈಗ 96ರಲ್ಲಿ ಓಡ್ತಿರುತ್ತೆ. ಕಿಲೋಮೀಟರ್ ಜಾಸ್ತಿ ಏರುತ್ತೆ, ಮೈಲೇಜ್ ಸುಧಾರಿಸ್ತು ಅಂತ ನಾವು ಬೀಗ್ತೀವಿ!

ಈ 185/65 ಎಲ್ಲರ ಬಾಯಲ್ಲಿ ಯಾಕಿದೆ ಅಂದ್ರೆ, ಸ್ವಿಫ್ಟ್‌ನ ಮೇಲಿನ ವೇರಿಯಂಟ್‌ಗೆ ಕಂಪನಿನೇ ಅದನ್ನ ಕೊಡುತ್ತೆ. ಆದ್ರೆ ಅದು 15 ಇಂಚಿನ ರಿಮ್ಮಿಗೆ, ಎತ್ತರ 621. ಕಂಪನಿಯವರು ಅಗಲ ಮಾಡಿದ್ರು, ಎತ್ತರ ಬಿಟ್ಕೊಡಲಿಲ್ಲ.

ರಿಮ್ ಬದಲಾಯಿಸೋ ಖರ್ಚು ನನಗೆ ಬೇಡ. ಹಂಗಾಗಿ 185/70 ಆರ್14. ಎತ್ತರ 615ರ ಹತ್ರ, ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಅಂಗಡಿಯವರು ಗೋಡೌನಿಂದ ತರಿಸಿಕೊಟ್ರು.

ಸೈಜಿನ ಪಕ್ಕದಲ್ಲಿರೋ ನಂಬರೂ ನೋಡ್ರಿ. ಹಳೇದು 85, ಅಂದ್ರೆ ಒಂದು ಟೈರ್ ಹೊರೋದು 515 ಕೆ.ಜಿ. ಹೊಸದು 88, ಅಂದ್ರೆ 560. ಜಾಸ್ತಿ ಇದ್ರೆ ಅಡ್ಡಿಯಿಲ್ಲ, ಹಳೇದಕ್ಕಿಂತ ಕಮ್ಮಿ ಮಾತ್ರ ಬೇಡ. ಸೈಡ್‌ವಾಲ್ ಮೇಲಿನ ನಾಲ್ಕಂಕಿ ತಯಾರಿ ದಿನಾಂಕ: 1425 ಅಂದ್ರೆ 2025ರ 14ನೇ ವಾರ. ವರ್ಷಗಟ್ಟಲೆ ಗೋಡೌನಲ್ಲಿ ಮಲಗಿದ್ದ ಟೈರನ್ನ ರಿಯಾಯಿತಿ ಕೊಟ್ರೂ ತಗೋಬೇಡ್ರಿ.

ಈಗ ಹೈವೇ 48ರಲ್ಲಿ ಚಿತ್ರದುರ್ಗದ ಕಡೆ. ಬ್ರೇಕ್ ಹಿಡಿತ ಚೆನ್ನಾಗಿದೆ, ತಿರುವಲ್ಲಿ ಗಾಡಿ ಅಳ್ಳಾಡಲ್ಲ. ನಿಂತಲ್ಲೇ ತಿರುಗಿಸುವಾಗ ಸ್ಟೇರಿಂಗ್ ಸ್ವಲ್ಪ ಭಾರ, ಪೆಟ್ರೋಲೂ ತುಸು ಜಾಸ್ತಿ ಕುಡಿಯಬಹುದು. ನನಗೆ ಒಪ್ಪಿಗೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ, ಟೈರ್ ಎಲ್ಲೂ ಉಜ್ಜಲಿಲ್ಲ. ಸ್ಟೆಪ್ನಿ ಮಾತ್ರ ಇನ್ನೂ ಹಳೇ 165. ಪಂಕ್ಚರ್ ಆದ್ರೆ ಅದನ್ನ ಹಾಕ್ಕೊಂಡು, ನಿಧಾನಕ್ಕೆ, ಹತ್ರದ ಪಂಕ್ಚರ್ ಅಂಗಡಿವರೆಗೆ ಅಷ್ಟೇ.