ಹದಿಮೂರು ಗೆಲುವು, ಐದನೇ ಸ್ಥಾನ

ಸಭಿಕರೇ,

ಮಾಟುಂಗಾದ ಸೆಕೆಯಲ್ಲಿ ಫ್ಯಾನಿನ ಕೆಳಗೆ ಕೂತು ಹಿಮದ ಮಾತು ಕೇಳಲು ಬಂದಿದ್ದೀರಿ. ಇಂದಿನ ವಿಷಯ ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್, ಕಾಲಿಗೆ ಸ್ಕೀ ಎಂಬ ಉದ್ದ ಪಟ್ಟಿ ಕಟ್ಟಿ ಹಿಮದ ಇಳಿಜಾರಿನಲ್ಲಿ ಜಾರುವ ಆಟಗಾರ. ಟೆನಿಸ್ಸಿನ ಬ್ಯೋರ್ನ್ ಬೋರ್ಗ್ ಹುಟ್ಟಿದ 1956ರಲ್ಲೇ ಇವರೂ ಹುಟ್ಟಿದ್ದು. ಹಂಗಾಮಿಡೀ ನಡೆಯುವ ಸ್ಕೀ ವಿಶ್ವಕಪ್‌ನಲ್ಲಿ ಗೆದ್ದ ರೇಸುಗಳು 86. ಕಂಬಗಳ ನಡುವೆ ಬಳುಕಿ ಇಳಿಯುವ ಸ್ಲಾಲಮ್‌ನಲ್ಲಿ 40, ಕಂಬಗಳು ಇನ್ನೂ ದೂರ ದೂರವಿರುವ ಜೈಂಟ್ ಸ್ಲಾಲಮ್‌ನಲ್ಲಿ 46. ಆದರೆ 1978–79ರಲ್ಲಿ ಒಂದೇ ಹಂಗಾಮಿಗೆ 13 ರೇಸು ಗೆದ್ದೂ ಒಟ್ಟು ಪಟ್ಟಿಯಲ್ಲಿ ಐದನೆಯವರಾದರು. ಆ ಲೆಕ್ಕ ಬಿಡಿಸುವ ಮೊದಲು ಸ್ಲಾಲಮ್ ಆಟ ಹೇಗೆಂದು ನೋಡೋಣ.

ಖೋ ಖೋದಲ್ಲಿ ಕೂತವರ ಸಾಲಿನ ನಡುವೆ ಬಳುಕುತ್ತ ಓಡುತ್ತಾರಲ್ಲ, ಅದನ್ನು ಮಂಜುಗಡ್ಡೆಯಂತೆ ಗಟ್ಟಿಯಾದ ಇಳಿಜಾರಿನಲ್ಲಿ ಊಹಿಸಿಕೊಳ್ಳಿ. ಪುರುಷರ ದೊಡ್ಡ ಸ್ಪರ್ಧೆಗಳಲ್ಲಿ ತುದಿಯಿಂದ ಬುಡಕ್ಕೆ 180ರಿಂದ 220 ಮೀಟರ್ ಎತ್ತರದ ವ್ಯತ್ಯಾಸ. ತಿರುವುಗಳು ಅರವತ್ತರ ಆಸುಪಾಸು. ಒಂದು ತಿರುವಿನ ಕಂಬಕ್ಕೂ ಮುಂದಿನದಕ್ಕೂ 6ರಿಂದ 13 ಮೀಟರ್, ಅಂದರೆ ನಮ್ಮ ಲೋಕಲ್‌ನ ಒಂದು ಡಬ್ಬಿಯ ಉದ್ದದಲ್ಲಿ ಎರಡು ತಿರುವು. ಎಲ್ಲ ಸೇರಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಎರಡು ಓಟ, ಪ್ರತಿ ಓಟಕ್ಕೂ ಕಂಬಗಳ ಬೇರೆ ಜೋಡಣೆ. ಎರಡರ ಸಮಯ ಕೂಡಿಸಿ ಫಲಿತಾಂಶ. ಆ ಕಂಬಗಳ ನಡುವೆ ಮೊದಲೇ ಇಳಿದು ಅಭ್ಯಾಸ ಮಾಡುವಂತಿಲ್ಲ. ಪಕ್ಕದಲ್ಲಿ ಮೆಲ್ಲಗೆ ಜಾರುತ್ತ ನೋಡಿ ಬಾಯಿಪಾಠ ಮಾಡಿಕೊಳ್ಳಬೇಕು, ಅಷ್ಟೇ.

ಸ್ಕೀಯನ್ನು ತಿರುಗಿಸುವುದು ಅದರ ಉಕ್ಕಿನ ಅಂಚು. ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡಗಾಲಿನ, ಅಂದರೆ ಹೊರಗಾಲಿನ ಮೇಲೆ ಬೀಳಬೇಕು; ಆಗ ಅಂಚು ಹಿಮವನ್ನು ಕೊರೆದು ಹಿಡಿಯುತ್ತದೆ. ಹೆದರಿದವರು ಬೆಟ್ಟದ ಕಡೆಗೆ ವಾಲುತ್ತಾರೆ. ಭಾರ ಒಳಗಾಲಿಗೆ ಹೋಗುತ್ತದೆ, ಹೊರಗಿನ ಸ್ಕೀ ಹಿಡಿತ ಬಿಟ್ಟು ಅಡ್ಡಕ್ಕೆ ಕೆರೆಯುತ್ತದೆ. ಕೆರೆದಷ್ಟೂ ವೇಗ ಸೋರುತ್ತದೆ. ಇನ್ನೊಂದು ತಪ್ಪು ಹೊಸಬರೆಲ್ಲ ಮಾಡುವಂಥದ್ದು: ಕಂಬದ ಹತ್ತಿರ ಬಂದಮೇಲೆ ತಿರುಗಲು ಶುರುಮಾಡುವುದು. ಕಂಬಕ್ಕೆ ಬರುವಷ್ಟರಲ್ಲಿ ತಿರುವಿನ ಬಹುಪಾಲು ಮುಗಿದಿರಬೇಕು. ತಡವಾದರೆ ಮೊದಲ ಕಂಬದಲ್ಲಿ ಒಂದು ಗೇಣು ಕೆಳಗೆ, ಎರಡನೆಯದರಲ್ಲಿ ಒಂದು ಮೊಳ, ನಾಲ್ಕನೆಯದರ ಹೊತ್ತಿಗೆ ದಾರಿಯೇ ಸಿಗುವುದಿಲ್ಲ. ಸ್ಟೆನ್‌ಮಾರ್ಕ್ ಕಾಲದ ಸ್ಕೀಗಳು ಎರಡು ಮೀಟರ್ ದಾಟಿದವು, ನಡುವೆ ಸೊಂಟದಂತೆ ಕಿರಿದಾಗುವ ಆಕಾರವೂ ಕಡಿಮೆ. ಇಂದಿನ 165 ಸೆಂಟಿಮೀಟರಿನ ಸ್ಲಾಲಮ್ ಸ್ಕೀ ಅಂಚಿನ ಮೇಲೆ ನಿಲ್ಲಿಸಿದರೆ ತಾನೇ ತಿರುಗುತ್ತದೆ. ಅಂದಿನದನ್ನು ಕಾಲಿನಿಂದಲೇ ಒಲಿಸಬೇಕಿತ್ತು.

ಕಂಬವೂ ಬೇರೆ. ಅವರು ಕಲಿತದ್ದು ಬಿದಿರಿನ ಕಂಬಗಳ ನಡುವೆ. ಬಿದಿರಿಗೆ ಬಡಿದರೆ ಪೆಟ್ಟು, ಹಾಗಾಗಿ ಇಡೀ ಮೈ ಸುತ್ತಿಕೊಂಡು ಹೋಗುತ್ತಿತ್ತು. 1980ರ ದಶಕದ ಆರಂಭದಲ್ಲಿ ಬುಡದಲ್ಲಿ ಕೀಲಿರುವ, ಮಡಚಿ ಮತ್ತೆ ಏಳುವ ಕಂಬಗಳು ಬಂದವು. ಪಾದಗಳು ಮಾತ್ರ ಹೊರಗಿನಿಂದ ಸುತ್ತಿದರೆ ಸಾಕು, ಮೈ ಕಂಬವನ್ನು ಕೆಡವಿಕೊಂಡು ನೇರ ನುಗ್ಗಬಹುದು. ಆದರೆ ಒಂದು ಸ್ಕೀಯ ತುದಿ ಕಂಬದ ಒಳಬದಿಗೆ ಹೋದರೂ ರೇಸು ಅಲ್ಲಿಗೇ ಮುಗಿಯಿತು. ಸುತ್ತುವ ನಾಜೂಕಿನಲ್ಲಿ ಬೆಳೆದವರಿಗೆ ಈ ಗುದ್ದಾಟ ಹೊಸ ವಿದ್ಯೆ.

ಈಗ ಲೆಕ್ಕ. ಅಂದು ಒಂದು ಗೆಲುವಿಗೆ 25 ಅಂಕ, ಆದರೆ ಒಂದು ವಿಭಾಗದಲ್ಲಿ ಅತ್ಯುತ್ತಮ ಮೂರು ಫಲಿತಾಂಶ ಮಾತ್ರ ಲೆಕ್ಕಕ್ಕೆ. ಎರಡೇ ವಿಭಾಗ ಆಡುವವರು ಎಷ್ಟು ಗೆದ್ದರೂ 75ಕ್ಕೆ 75 ಕೂಡಿಸಿ 150. ಸ್ಟೆನ್‌ಮಾರ್ಕ್ 1978–79ರ ಹಂಗಾಮಿನ ಹತ್ತೂ ಜೈಂಟ್ ಸ್ಲಾಲಮ್ ಗೆದ್ದರು. ಏಳಕ್ಕೆ ಸಿಕ್ಕಿದ್ದು ಸೊನ್ನೆ. 1978ರಲ್ಲಿ ಇದೇ 150ಕ್ಕೆ ಕಪ್ ಬಂದಿತ್ತು, ಅದು ಅವರ ಸತತ ಮೂರನೆಯದು. ಮರುವರ್ಷ ಡೌನ್‌ಹಿಲ್ (ತಿರುವು ಕಡಿಮೆ, ವೇಗವೇ ಮುಖ್ಯವಾದ ಇಳಿತ) ಮತ್ತು ಸ್ಲಾಲಮ್ ಸೇರಿದ ಕಂಬೈನ್ಡ್‌ನ ಅಂಕಗಳೂ ಸೇರಿದವು. ಸ್ವಿಟ್ಸರ್ಲೆಂಡಿನ ಪೀಟರ್ ಲ್ಯೂಷರ್ 186ಕ್ಕೆ ಏರಿದರು. ಒಬ್ಬರ ಮೇಲೆ ಕಣ್ಣಿಟ್ಟು ಬರೆದ ನಿಯಮದಂತೆ ನನಗೆ ಕಾಣುತ್ತದೆ.

ಡೌನ್‌ಹಿಲ್ ಸ್ಟೆನ್‌ಮಾರ್ಕ್‌ಗೆ ಒಗ್ಗಲಿಲ್ಲ. 1979ರ ಸೆಪ್ಟೆಂಬರಿನಲ್ಲಿ ಇಟಲಿಯಲ್ಲಿ ಅದರ ಅಭ್ಯಾಸಕ್ಕಿಳಿದು ಬಿದ್ದು ತಲೆಗೆ ಪೆಟ್ಟಾಯಿತು. ಐದು ತಿಂಗಳಿಗೆ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್; ಸ್ಲಾಲಮ್‌ನ ಮೊದಲ ಓಟದಲ್ಲಿ ನಾಲ್ಕನೆಯವರಾಗಿದ್ದವರು ಎರಡನೆಯದರಲ್ಲಿ ಎಲ್ಲರನ್ನೂ ದಾಟಿ ಚಿನ್ನ ಪಡೆದರು. ಜೈಂಟ್ ಸ್ಲಾಲಮ್‌ನ ಚಿನ್ನವೂ ಅವರದೇ. 1981ರಲ್ಲಿ ಕಂಬೈನ್ಡ್ ಅಂಕಗಳಿಗಾಗಿಯೇ ಕಿಟ್ಸ್‌ಬ್ಯೂಹೆಲ್‌ನ ಡೌನ್‌ಹಿಲ್‌ಗೂ ಇಳಿದರು. ಆದರೂ ಕಪ್ ಆರು ಅಂಕಗಳಿಂದ ಅಮೆರಿಕದ ಫಿಲ್ ಮಾರ್ ಪಾಲಾಯಿತು.

ಜಾಹೀರಾತಿನ ಹಣ ದೇಶದ ಸ್ಕೀ ಸಂಘದ ಮೂಲಕ ಬಾರದೆ ನೇರ ಕೈಗೆ ಬರುವ ‘ಬಿ’ ಲೈಸೆನ್ಸ್ ಪಡೆದಿದ್ದರಿಂದ 1984ರ ಸರಾಯೆವೊ ಒಲಿಂಪಿಕ್ಸ್‌ಗೆ ಪ್ರವೇಶವಿರಲಿಲ್ಲ. ಅಲ್ಲಿ ಸ್ಲಾಲಮ್‌ನ ಚಿನ್ನ ಫಿಲ್ ಮಾರ್‌ಗೆ, ಬೆಳ್ಳಿ ಅವರ ಅವಳಿ ಸೋದರ ಸ್ಟೀವ್‌ಗೆ. 1988ರ ಕ್ಯಾಲ್ಗರಿಯಲ್ಲಿ ಮತ್ತೆ ಅವಕಾಶ ಸಿಕ್ಕಾಗ ವಯಸ್ಸು ಮೂವತ್ತೊಂದು, ಸ್ಲಾಲಮ್‌ನಲ್ಲಿ ಐದನೆಯವರಾದರು. ಕೊನೆಯ ವಿಶ್ವಕಪ್ ಗೆಲುವು 1989ರ ಫೆಬ್ರವರಿಯಲ್ಲಿ, ಆಸ್ಪೆನ್‌ನ ಜೈಂಟ್ ಸ್ಲಾಲಮ್. ಅದೇ ವರ್ಷ ನಿವೃತ್ತಿ. 86ರ ದಾಖಲೆಯನ್ನು 2023ರ ಮಾರ್ಚ್‌ನಲ್ಲಿ ಅಮೆರಿಕದ ಮಿಕೇಲಾ ಶಿಫ್ರಿನ್ ದಾಟಿದ್ದು ಸ್ವೀಡನ್ನಿನ ‘ಓರೆ’ (Åre) ಎಂಬ ಊರಿನಲ್ಲೇ, ಅದೂ ಸ್ಲಾಲಮ್‌ನಲ್ಲೇ.